ಮನೆಯಲ್ಲೇ ಕಲಿಸುವ ಹಕ್ಕು, ಹೊರದೇಶದ ಆಶ್ರಯ: ರೋಮೈಕೆ ಪ್ರಕರಣ ಸೋತದ್ದೆಲ್ಲಿ?

ಜರ್ಮನಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವಂತಿಲ್ಲ. ಧರ್ಮದ ಕಾರಣಕ್ಕೆ ಹಾಗೆ ಓದಿಸಹೊರಟ ರೋಮೈಕೆ ಕುಟುಂಬ ಅಮೆರಿಕಕ್ಕೆ ಹೋಗಿ ಆಶ್ರಯ ಕೇಳಿತು. ಮೊದಲ ಸುತ್ತಿನಲ್ಲಿ ಗೆದ್ದಿತು, ಮುಂದಿನ ಎಲ್ಲ ಸುತ್ತಿನಲ್ಲೂ ಸೋತಿತು. ಈ ಪ್ರಕರಣದ ಬಗ್ಗೆ ಬರೆಯುವವರು ಬಹಳ ಮಂದಿ ಎರಡು ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ಆ ಕಾನೂನು ಸರಿಯೇ? ಸರಿಯಲ್ಲದಿದ್ದರೆ ಆಶ್ರಯ ಸಿಗಬೇಕಲ್ಲವೇ? ಮೊದಲನೆಯದಕ್ಕೆ ನನ್ನ ಉತ್ತರ, ಸರಿಯಲ್ಲ. ಮಗು ಕಲಿಯುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಬೇರೆ ದಾರಿಗಳಿರುವಾಗ ಪೂರ್ತಿ ನಿಷೇಧ ಅತಿಯಾಯಿತು. ಆದರೂ ಎರಡನೆಯ ಪ್ರಶ್ನೆಗೆ 'ಹೌದು' ಎನ್ನಲಾಗದು. ಆಶ್ರಯದ ಕಾನೂನು ಕೇಳುವುದೇ ಬೇರೆ. ನಿಮಗೆ ಏನು ಮಾಡಿದರು ಎಂಬುದರ ಜೊತೆಗೆ ಯಾಕೆ ಮಾಡಿದರು ಎಂದು ಅದು ಕೇಳುತ್ತದೆ. ಇಡೀ ಪ್ರಕರಣ ನಿಂತದ್ದೂ ಬಿದ್ದದ್ದೂ ಆ 'ಯಾಕೆ' ಮೇಲೆ.

ಮೊದಲು ಜರ್ಮನಿಯ ಕಾನೂನು ನೋಡೋಣ. ಅಲ್ಲಿ ಶಿಕ್ಷಣ ರಾಜ್ಯಗಳಿಗೆ ಸೇರಿದ್ದು. 16 ರಾಜ್ಯಗಳಿಗೂ ತಮ್ಮದೇ ಶಾಲಾ ಕಾಯ್ದೆಗಳಿವೆ, ಎಲ್ಲದರಲ್ಲೂ 'ಶೂಲ್‌ಫ್ಲಿಖ್ಟ್' ಇದೆ. ಇದು ಕಲಿಯುವ ಕಡ್ಡಾಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಶಾಲೆಗೆ ಹಾಜರಾಗುವುದನ್ನೇ ಕಡ್ಡಾಯ ಮಾಡುತ್ತದೆ. ಮಗು ತರಗತಿಗಿಂತ ಎರಡು ವರ್ಷ ಮುಂದಿದ್ದರೂ ಹಾಜರಿ ಇಲ್ಲದಿದ್ದರೆ ಉಲ್ಲಂಘನೆಯೇ. ಗಂಭೀರ ಕಾಯಿಲೆಯಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ದೇಶದ ಪೌರರಷ್ಟೇ ಅಲ್ಲ, ಅಲ್ಲಿ ನೆಲೆಸಿರುವ ವಿದೇಶಿಯರ ಮಕ್ಕಳಿಗೂ ಇದು ಅನ್ವಯಿಸುತ್ತದೆ.

'ಇದು ಹಿಟ್ಲರನ ಕಾನೂನು' ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದು ಅರ್ಧ ಸತ್ಯ. ಇಡೀ ದೇಶಕ್ಕೆ ಒಂದೇ ಕಡ್ಡಾಯ ಶಾಲಾ ಕಾಯ್ದೆ 1938ರಲ್ಲಿ ಬಂದದ್ದು ನಿಜ. ಆದರೆ 1919ರ ವೈಮಾರ್ ಸಂವಿಧಾನದ 145ನೇ ವಿಧಿಯಲ್ಲೇ ಎಲ್ಲರಿಗೂ ಶಾಲೆ ಕಡ್ಡಾಯವಾಗಿತ್ತು. ಇಂದಿನ ಕಾಯ್ದೆಗಳು ಯುದ್ಧಾನಂತರ ಚುನಾಯಿತ ಶಾಸನಸಭೆಗಳು ಮಾಡಿದವು. ಆಶ್ರಯದ ಅರ್ಜಿಯಲ್ಲಿ ಹಿಟ್ಲರನ ಹೆಸರು ತಂದರೆ ಎದುರು ವಕೀಲರು ಒಂದೇ ನಿಮಿಷದಲ್ಲಿ ಅದನ್ನು ಉರುಳಿಸುತ್ತಾರೆ, ಆಮೇಲೆ ಅರ್ಜಿಯ ಉಳಿದ ಮಾತುಗಳ ಮೇಲೂ ಅನುಮಾನ ಬೀಳುತ್ತದೆ.

ಜರ್ಮನಿಯ ಇಂದಿನ ಸಂವಿಧಾನದಲ್ಲಿ, ಅಂದರೆ ಮೂಲ ಕಾನೂನಿನಲ್ಲಿ, 4ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯ ಕೊಡುತ್ತದೆ. ಮಕ್ಕಳ ಪಾಲನೆ ತಂದೆತಾಯಿಯ ಸಹಜ ಹಕ್ಕು ಎಂದು 6ನೇ ವಿಧಿ ಹೇಳುತ್ತದೆ. ಇವೆರಡನ್ನೂ ತೂಗಿ ನೋಡುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ 7ನೇ ವಿಧಿ ಕೂರುತ್ತದೆ: ಇಡೀ ಶಾಲಾ ವ್ಯವಸ್ಥೆ ಸರ್ಕಾರದ ಮೇಲ್ವಿಚಾರಣೆಯಲ್ಲಿ. ಇದೇ ವಿಧಿಯಲ್ಲಿ ಖಾಸಗಿ ಶಾಲೆ ತೆರೆಯಲು ಅವಕಾಶವಿದೆ, ಮಗು ಧರ್ಮಪಾಠಕ್ಕೆ ಕೂರಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಪೋಷಕರಿಗಿದೆ. ಪ್ರಾಥಮಿಕ ಹಂತದ ಖಾಸಗಿ ಶಾಲೆಗೆ ಮಾತ್ರ ಷರತ್ತು ಬಿಗಿ. ಊರಿನಲ್ಲಿ ಆ ಪಂಥದ ಸರ್ಕಾರಿ ಶಾಲೆ ಇಲ್ಲದಿದ್ದಾಗ ಪೋಷಕರು ಕೇಳಿಕೊಂಡರೆ ಪಂಥದ ಖಾಸಗಿ ಶಾಲೆಗೆ ಅನುಮತಿ ಸಿಗುತ್ತದೆ. ಈ ಸಣ್ಣ ಬಾಗಿಲು ನೆನಪಿರಲಿ, ಮುಂದೆ ಅರ್ಜಿದಾರರಿಗೆ ಮುಳುವಾಗುವುದು ಅದೇ. 'ನಿಮ್ಮ ಧರ್ಮದ ಶಾಲೆಗೆ ಕಳಿಸಬಹುದಿತ್ತಲ್ಲ?' ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

2003ರ ಏಪ್ರಿಲ್‌ನಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ಮನೆಯಲ್ಲೇ ಓದಿಸಹೊರಟ ಕೋನ್ರಾಡ್ ಕುಟುಂಬದ ಪ್ರಕರಣದಲ್ಲಿ ಹೇಳಿದ ಮಾತೊಂದು ಈ ವಿಷಯದ ಕೇಂದ್ರಬಿಂದು: ಧರ್ಮದ ಅಥವಾ ಜೀವನದೃಷ್ಟಿಯ ಆಧಾರದ ಮೇಲೆ 'ಸಮಾನಾಂತರ ಸಮಾಜ'ಗಳು ಬೆಳೆಯದಂತೆ ತಡೆಯುವುದರಲ್ಲಿ ಸಾರ್ವಜನಿಕರಿಗೆ ನ್ಯಾಯವಾದ ಹಿತಾಸಕ್ತಿ ಇದೆ. 2006ರ ಸೆಪ್ಟೆಂಬರ್‌ನಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದೇ ಕುಟುಂಬದ ದೂರನ್ನು ವಿಚಾರಣೆಗೆ ಅರ್ಹವಲ್ಲವೆಂದು ತಳ್ಳಿಹಾಕಿತು. ಶಾಲೆ ಮುಗಿದ ಮೇಲೆ, ವಾರಾಂತ್ಯದಲ್ಲಿ ತಮ್ಮ ನಂಬಿಕೆ ಕಲಿಸಲು ಪೋಷಕರಿಗೆ ಅಡ್ಡಿಯಿಲ್ಲವಲ್ಲ ಎಂಬುದು ಅದರ ತರ್ಕ.

ಕಾನೂನು ಜಾರಿಯಾಗುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಮುಖ್ಯೋಪಾಧ್ಯಾಯರಿಂದ ಪತ್ರ. ಆಮೇಲೆ ಶಿಕ್ಷಣ ಕಚೇರಿಯಿಂದ ನೋಟಿಸು, ಅದರ ಹಿಂದೆಯೇ 'ಬೂಸ್‌ಗೆಲ್ಡ್', ಅಂದರೆ ತಪ್ಪಿಗೆ ಹಾಕುವ ದಂಡ. ಅದಕ್ಕೂ ಬಗ್ಗದಿದ್ದರೆ 'ತ್ಸ್ವಾಂಗ್ಸ್‌ಗೆಲ್ಡ್'. ಇದು ಆದ ತಪ್ಪಿಗಲ್ಲ, ಮುಂದೆ ಆದೇಶ ಪಾಲಿಸುವಂತೆ ಮಾಡಲು ಹೇರುವ ದಂಡ. ಹಾಗಾಗಿ ಪಾಲಿಸುವವರೆಗೂ ಮತ್ತೆ ಮತ್ತೆ ಹಾಕಬಹುದು. ದಂಡ ಕಟ್ಟದವರನ್ನು ಕೆಲ ದಿನ ಜೈಲಿನಲ್ಲಿಡಲೂ ಅವಕಾಶವಿದೆ. ಕೆಲವು ರಾಜ್ಯಗಳಲ್ಲಿ ಪೊಲೀಸರೇ ಮನೆಗೆ ಬಂದು ಮಕ್ಕಳನ್ನು ಶಾಲೆಗೆ ಕರೆದೊಯ್ಯಬಹುದು. ಬಾಡೆನ್-ವ್ಯುರ್ಟೆಂಬರ್ಗ್‌ನ ರೋಮೈಕೆ ಮಕ್ಕಳಿಗೆ 2006ರ ಅಕ್ಟೋಬರ್‌ನಲ್ಲಿ ಆದದ್ದು ಇದೇ. ಹೆಸ್ಸೆ ರಾಜ್ಯದಲ್ಲಿ ವಿಷಯ ಇನ್ನೂ ಗಂಭೀರ. ಅಲ್ಲಿನ ಶಾಲಾ ಕಾಯ್ದೆಯ 182ನೇ ಸೆಕ್ಷನ್ ಪ್ರಕಾರ ಪಟ್ಟುಹಿಡಿದು ಮಕ್ಕಳನ್ನು ಶಾಲೆಯಿಂದ ದೂರವಿಡುವುದು ಕ್ರಿಮಿನಲ್ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ 180 ದಿನಗಳ ಆದಾಯದ ಲೆಕ್ಕದವರೆಗೆ ದಂಡ.

ಕೊನೆಯ ಮೆಟ್ಟಿಲು ಕುಟುಂಬ ನ್ಯಾಯಾಲಯ. ಮಗುವಿನ ಹಿತಕ್ಕೆ ಅಪಾಯವಿದೆ ಎನಿಸಿದರೆ ನಾಗರಿಕ ಸಂಹಿತೆಯ 1666ನೇ ಸೆಕ್ಷನ್ ಅಡಿ ಅದು ಮಧ್ಯೆ ಪ್ರವೇಶಿಸುತ್ತದೆ. ಮನೆಯಲ್ಲಿ ಓದಿಸುವ ಹಠಕ್ಕೂ ಈ ಸೆಕ್ಷನ್ ಬಳಸಬಹುದೆಂದು 2007ರಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯ ಹೇಳಿದ ಮೇಲೆ ಪೋಷಕರ ಭಯಕ್ಕೆ ನಿಜವಾದ ಆಧಾರ ಸಿಕ್ಕಿತು. ಇಲ್ಲಿ ಬಹಳ ಜನ ತಪ್ಪು ತಿಳಿಯುವ ಸಂಗತಿಯೊಂದಿದೆ. ನ್ಯಾಯಾಲಯ ಸಾಮಾನ್ಯವಾಗಿ ಪಾಲನೆಯ ಹಕ್ಕನ್ನು ಇಡಿಯಾಗಿ ಕಿತ್ತುಕೊಳ್ಳುವುದಿಲ್ಲ, ಎರಡು ತುಂಡು ಮಾತ್ರ ತೆಗೆಯುತ್ತದೆ. ಮಗುವಿನ ಶಾಲಾ ವಿಷಯಗಳನ್ನು ತೀರ್ಮಾನಿಸುವ ಹಕ್ಕು ಒಂದು, ಮಗು ಎಲ್ಲಿ ವಾಸಿಸಬೇಕೆಂದು ತೀರ್ಮಾನಿಸುವ ಹಕ್ಕು ಇನ್ನೊಂದು. ಎರಡೂ 'ಯುಗೆಂಡ್‌ಆಮ್ಟ್' ಎಂಬ ಮಕ್ಕಳ ಕಲ್ಯಾಣ ಕಚೇರಿಗೆ ಹೋಗುತ್ತವೆ. ಮಕ್ಕಳು ಮನೆಯಲ್ಲೇ ಇರುತ್ತಾರೆ, ಊಟ ಬಟ್ಟೆ ಎಲ್ಲ ಎಂದಿನಂತೆ. ಆದರೆ ಎರಡನೆಯ ಹಕ್ಕು ಹೋಯಿತೆಂದರೆ ಮಕ್ಕಳನ್ನು ದೇಶದಾಚೆ ನೆಲೆಸಲು ಕರೆದೊಯ್ಯುವುದೇ ಕಾನೂನುಬಾಹಿರವಾಗುತ್ತದೆ. ಹೊರಡುವ ಯೋಚನೆ ಇರುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಆ ಆದೇಶ ಬರುವ ಮುನ್ನ ಹೊರಟರೆ ಅದು ವಲಸೆ, ಬಂದ ಮೇಲೆ ಹೊರಟರೆ ಮಕ್ಕಳ ಅಪಹರಣದ ಆರೋಪ ಎದುರಿಸಬೇಕಾದೀತು.

ಡಾರ್ಮ್‌ಸ್ಟಾಟ್ ಬಳಿಯ ವುಂಡರ್‌ಲಿಷ್ ಕುಟುಂಬದ ಪ್ರಕರಣದಲ್ಲಿ ಇದರ ಕಡುರೂಪ ಕಾಣುತ್ತದೆ. ಎರಡೂ ತುಂಡು ಹಕ್ಕುಗಳು ಮೊದಲೇ ಹೋಗಿದ್ದವು. 2013ರ ಆಗಸ್ಟ್ 29ರಂದು ಅಧಿಕಾರಿಗಳು ಪೊಲೀಸರೊಂದಿಗೆ ಬಂದು ನಾಲ್ಕು ಮಕ್ಕಳನ್ನು ಕರೆದೊಯ್ದರು. ಕಲಿಕೆಯ ಮಟ್ಟ ಪರೀಕ್ಷಿಸಿ, ಪೋಷಕರು ಶಾಲೆಗೆ ಕಳಿಸಲು ಒಪ್ಪಿದ ಮೇಲೆ ಮೂರು ವಾರದಲ್ಲಿ ಮರಳಿಸಿದರು. 2019ರ ಜನವರಿ 10ರಂದು ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಕೌಟುಂಬಿಕ ಜೀವನದ ಹಕ್ಕಿನ ಉಲ್ಲಂಘನೆ ಆಗಿಲ್ಲ ಎಂದಿತು. ತೀರ್ಪು ಓದಿದರೆ ಕಾರಣ ಸ್ಪಷ್ಟ. ಮಕ್ಕಳ ಕಲಿಕೆ ಆತಂಕ ಪಡುವಂತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಆದರೆ ಮೊದಲೇ ಪರೀಕ್ಷಿಸಲು ಪೋಷಕರು ಬಿಟ್ಟಿರಲಿಲ್ಲ, ಆಗ ಅಧಿಕಾರಿಗಳ ಕೈಯಲ್ಲಿ ಮಾಹಿತಿಯೇ ಇರಲಿಲ್ಲ. ಮಗುವಿನ ಮಟ್ಟ ಅಳೆಯಲು ಬಂದವರಿಗೆ ಬಾಗಿಲು ಮುಚ್ಚುವುದು ಎಷ್ಟೇ ಹೃತ್ಪೂರ್ವಕವಾದ ಪ್ರತಿಭಟನೆಯಾದರೂ, ಅದರಿಂದ ಎದುರು ಪಕ್ಷದ ಕಡತ ದಪ್ಪವಾಗುತ್ತದೆಯೇ ಹೊರತು ನಿಮ್ಮದಲ್ಲ.

ಈಗ ಅಮೆರಿಕ. 1951ರ ನಿರಾಶ್ರಿತರ ಒಪ್ಪಂದದ ವ್ಯಾಖ್ಯೆಯನ್ನೇ ಅಲ್ಲಿನ ವಲಸೆ ಕಾಯ್ದೆ ಬಳಸುತ್ತದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ, ಈ ಐದರಲ್ಲಿ ಒಂದರ ಕಾರಣದಿಂದ ಕಿರುಕುಳಕ್ಕೆ ಒಳಗಾಗುವ ಆಧಾರಸಹಿತ ಭಯವಿರಬೇಕು. ನಮ್ಮ ಮಾತಿನಲ್ಲಿ 'ಕಿರುಕುಳ' ಎಂದರೆ ಹಗುರ, ಪಕ್ಕದ ಮನೆಯವರೂ ಕೊಡುತ್ತಾರೆ. ಇಲ್ಲಿ ಅದಕ್ಕೆ ಹಿಂಸೆ, ಸೆರೆವಾಸ, ಬದುಕನ್ನೇ ಕಿತ್ತುಕೊಳ್ಳುವಂಥ ತೂಕವಿದೆ. 'ಆಧಾರಸಹಿತ ಭಯ' ಎಂಬುದಕ್ಕೆ ಮಾತ್ರ ಮಾನದಂಡ ಉದಾರ. ನೂರಕ್ಕೆ ಹತ್ತರಷ್ಟು ಸಾಧ್ಯತೆಯಿದ್ದರೂ ಸಾಕಾಗಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿದೆ. ಕಷ್ಟವಿರುವುದು 'ಕಾರಣದಿಂದ' ಎಂಬ ಪದದಲ್ಲಿ. 2005ರ ತಿದ್ದುಪಡಿಯ ನಂತರ ಆ ಐದರಲ್ಲಿ ಒಂದು ಕಿರುಕುಳದ ಪ್ರಧಾನ ಕಾರಣಗಳಲ್ಲಿ ಒಂದಾದರೂ ಆಗಿರಬೇಕು.

ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ ಕಾನೂನು ಮುರಿದದ್ದಕ್ಕೆ ಶಿಕ್ಷೆಯಾದರೆ ಅದು ಮೊಕದ್ದಮೆ, ಕಿರುಕುಳವಲ್ಲ. ಇದು ಸಾಮಾನ್ಯ ನಿಯಮ. ಇದನ್ನು ದಾಟಲು ಮೂರು ದಾರಿಗಳಿವೆ: ಕಾನೂನನ್ನು ಆಯ್ದ ಗುಂಪಿನ ಮೇಲೆ ಮಾತ್ರ ಪ್ರಯೋಗಿಸುತ್ತಾರೆಂದು ತೋರಿಸಬೇಕು, ಆ ಗುಂಪಿಗೆ ಮಾತ್ರ ಹೆಚ್ಚಿನ ಶಿಕ್ಷೆ ಕೊಡುತ್ತಾರೆಂದು ತೋರಿಸಬೇಕು, ಇಲ್ಲವೇ ಕಾನೂನೇ ಒಂದು ನೆಪ, ಒಳಗಿನ ಉದ್ದೇಶ ಧರ್ಮವನ್ನು ಹತ್ತಿಕ್ಕುವುದು ಎಂದು ತೋರಿಸಬೇಕು.

ರೋಮೈಕೆ ಕುಟುಂಬ 2008ರ ಆಗಸ್ಟ್‌ನಲ್ಲಿ ವೀಸಾ ವಿನಾಯಿತಿಯಡಿ, ಅಂದರೆ ವೀಸಾ ಇಲ್ಲದೆ 90 ದಿನ ಇರಲು ಬಿಡುವ ಸೌಲಭ್ಯದಡಿ, ಅಮೆರಿಕದ ಟೆನೆಸ್ಸಿ ರಾಜ್ಯಕ್ಕೆ ಬಂತು. 2010ರ ಜನವರಿ 26ರಂದು ಮೆಂಫಿಸ್‌ನ ವಲಸೆ ನ್ಯಾಯಾಧೀಶರು ಆಶ್ರಯ ಕೊಟ್ಟರು. ಮನೆಯಲ್ಲಿ ಓದಿಸುವವರು ಒಂದು ಸಾಮಾಜಿಕ ಗುಂಪು ಎಂದು ಅವರು ಒಪ್ಪಿದ್ದರು. ಸರ್ಕಾರ ಮೇಲ್ಮನವಿ ಹೋಯಿತು. 2012ರ ಮೇನಲ್ಲಿ ವಲಸೆ ಮೇಲ್ಮನವಿ ಮಂಡಳಿ ಆದೇಶವನ್ನು ತಿರುಗಿಸಿತು, 2013ರ ಮೇ 14ರಂದು ಆರನೇ ಸರ್ಕಿಟ್ ನ್ಯಾಯಾಲಯ, ಅಂದರೆ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಮಂಡಳಿಯ ತೀರ್ಮಾನವನ್ನೇ ಎತ್ತಿಹಿಡಿಯಿತು. ನ್ಯಾಯಾಧೀಶ ಸಟನ್ ಬರೆದ ತೀರ್ಪಿನ ತಿರುಳು ಸರಳ. ಅಮೆರಿಕದ ಸಂವಿಧಾನ ಒಪ್ಪದ ಕಟ್ಟಳೆಗಳನ್ನು ಹೊರದೇಶದಲ್ಲಿ ಅನುಭವಿಸುವ ಎಲ್ಲರಿಗೂ ಆಶ್ರಯ ಕೊಡುವಂಥ ಕಾನೂನನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಾಡಬಹುದಿತ್ತು, ಮಾಡಿಲ್ಲ. ಧರ್ಮದ ಕಾರಣಕ್ಕೆ ಶಾಲೆ ಬಿಡಿಸಿದವರಿಗೂ ಬೇರೆ ಕಾರಣಕ್ಕೆ ಬಿಡಿಸಿದವರಿಗೂ ಜರ್ಮನಿ ಒಂದೇ ಕ್ರಮ ಜರುಗಿಸುತ್ತದೆ. ಬೇರೆಯಾಗಿ ಜರುಗಿಸುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ದಾಖಲೆಯಲ್ಲಿರಲಿಲ್ಲ.

ಆಧುನಿಕ ಬದುಕಿನಿಂದ ದೂರವಿರುವ ಅಮೆರಿಕದ ಕ್ರೈಸ್ತ ಪಂಥ ಅಮಿಷ್ ಜನರ ಉದಾಹರಣೆ ಕೊಟ್ಟು ಪ್ರಶ್ನಿಸುವವರಿದ್ದಾರೆ. ಎಂಟನೇ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳಿಸದಿರುವ ಅವರ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ 1972ರ ಯೋಡರ್ ತೀರ್ಪಿನಲ್ಲಿ ಎತ್ತಿಹಿಡಿದಿದೆ, ನಿಜ. ಆದರೆ ಅದು ಅಮೆರಿಕದ ಸರ್ಕಾರಗಳ ಕೈ ಕಟ್ಟುವ ತೀರ್ಪು. ಜರ್ಮನಿ ಏನು ಮಾಡಬಾರದೆಂದು ಅದು ಹೇಳುವುದಿಲ್ಲ.

'ಸಮಾನಾಂತರ ಸಮಾಜ'ದ ಮಾತೇ ನೆಪಕ್ಕೆ ಸಾಕ್ಷಿ ಎಂಬುದು ಕುಟುಂಬದ ಪರ ವಾದದ ಬೆನ್ನೆಲುಬಾಗಿತ್ತು. ನನಗೂ ಆ ಮಾತು ಅಸಹನೆಯದ್ದಾಗಿಯೇ ಕೇಳಿಸುತ್ತದೆ. ಆದರೆ ಅದರಲ್ಲಿ 'ಧರ್ಮದ ಅಥವಾ ಜೀವನದೃಷ್ಟಿಯ' ಎಂದಿದೆ. ಧರ್ಮವನ್ನೇ ಒಪ್ಪದವರನ್ನೂ ಆ ಎರಡನೆಯ ಪದ ಒಳಗೆ ಸೇರಿಸಿಕೊಳ್ಳುತ್ತದೆ, ಅದರಿಂದಾಗಿ ಧರ್ಮದ್ವೇಷದ ಪುರಾವೆಯಾಗಿ ಆ ಮಾತು ನಿಲ್ಲುವುದು ಕಷ್ಟ. ಅರ್ಜಿ ಹಾಕುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇಲ್ಲೇ ಇದೆ: ಪಕ್ಕದ ಬೀದಿಯ ನಾಸ್ತಿಕ ಕುಟುಂಬ ಬೇರಾವುದೋ ಕಾರಣಕ್ಕೆ ಮಕ್ಕಳನ್ನು ಮನೆಯಲ್ಲಿ ಓದಿಸಿದರೆ, ಇದೇ ಕಚೇರಿ ಇದೇ ದಂಡ ಹಾಕುತ್ತಿತ್ತೇ? ಹಾಕುತ್ತಿತ್ತು ಎಂದಾದರೆ ಧರ್ಮದ ಆಧಾರದ ಮೇಲಿನ ಅರ್ಜಿ ಕುಂಟುತ್ತದೆ.

ದಂಡದ ನೋಟಿಸು ಒಂದನ್ನು ಕೈಯಲ್ಲಿ ಹಿಡಿದು ಓದಿ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಅದರಲ್ಲಿ ಮಗುವಿನ ಹೆಸರು, ಗೈರುಹಾಜರಾದ ದಿನಗಳು, ಶಾಲಾ ಕಾಯ್ದೆಯ ಸೆಕ್ಷನ್, ಯೂರೋ ಮೊತ್ತ, ಆಕ್ಷೇಪಿಸಲು ಎರಡು ವಾರದ ಗಡುವು ಇರುತ್ತವೆ. ಧರ್ಮದ ಮಾತೇ ಇರುವುದಿಲ್ಲ. ಧರ್ಮದ ಮಾತು ಇರುವುದು ಪೋಷಕರು ಬರೆದ ಉತ್ತರದಲ್ಲಿ. ಅಂದರೆ ಆ ಉತ್ತರ ತೋರಿಸುವುದು ನಿಮ್ಮ ಉದ್ದೇಶವನ್ನು, ಸರ್ಕಾರದ ಉದ್ದೇಶವನ್ನಲ್ಲ. ಆಶ್ರಯಕ್ಕೆ ಬೇಕಾದದ್ದು ಎರಡನೆಯದು. ಹಾಗಾಗಿ ಕಡತದಲ್ಲಿ ದಂಡದ ರಸೀದಿಗಳ ರಾಶಿಗಿಂತ ಬೆಲೆಬಾಳುವ ಕಾಗದ ಬೇರೆ: ಅಧಿಕಾರಿಯೊಬ್ಬರು ನಿಮ್ಮ ಪಂಥದ ಬಗ್ಗೆ ಬರೆದ ಟಿಪ್ಪಣಿ, ಸಭೆಯ ನಡಾವಳಿ, ಅದೇ ಜಿಲ್ಲೆಯಲ್ಲಿ ಬೇರೆ ಕಾರಣಕ್ಕೆ ಗೈರಾದ ಮಕ್ಕಳ ಪೋಷಕರಿಗೆ ಕಡಿಮೆ ದಂಡ ಹಾಕಿದ ಆದೇಶ. ಇಂಥ ಕಾಗದ ಸಿಗುವುದು ಅಪರೂಪ, ಅದಕ್ಕೇ ಇಂಥ ಅರ್ಜಿಗಳು ಗೆಲ್ಲುವುದೂ ಅಪರೂಪ. ಮಕ್ಕಳ ಕಲ್ಯಾಣ ಕಚೇರಿಯ ಮತ್ತು ಕುಟುಂಬ ನ್ಯಾಯಾಲಯದ ಕಡತದ ಪ್ರತಿಯನ್ನು ವಕೀಲರ ಮೂಲಕ ದೇಶ ಬಿಡುವ ಮುನ್ನವೇ ಕೇಳಿ ಪಡೆಯಿರಿ. ದೂರದಿಂದ ತರಿಸಿಕೊಳ್ಳುವುದು ತ್ರಾಸ.

ಅರ್ಜಿಯ ನಮೂನೆ ಐ-589. ಅಮೆರಿಕಕ್ಕೆ ಕೊನೆಯ ಬಾರಿ ಬಂದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು. ಪರಿಸ್ಥಿತಿ ಬದಲಾದರೆ, ಅಸಾಧಾರಣ ಅಡಚಣೆ ಇದ್ದರೆ ಮಾತ್ರ ವಿನಾಯಿತಿ. 2025ರ ಜುಲೈನ ಕಾಯ್ದೆ ಸಲ್ಲಿಕೆಗೆ 100 ಡಾಲರ್ ಶುಲ್ಕವನ್ನೂ, ಅರ್ಜಿ ಬಾಕಿ ಇರುವ ಪ್ರತಿ ವರ್ಷಕ್ಕೂ ಮತ್ತೆ 100 ಡಾಲರನ್ನೂ ನಿಗದಿ ಮಾಡಿತು. ಸಂಗಾತಿಯನ್ನೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳನ್ನೂ ಅದೇ ಅರ್ಜಿಯಲ್ಲಿ ಸೇರಿಸಬಹುದು. ಬಿ ಭಾಗದಲ್ಲಿ ಐದು ಕಾರಣಗಳ ಚೌಕಗಳಿವೆ, ಜೊತೆಗೆ ಚಿತ್ರಹಿಂಸೆ ವಿರೋಧಿ ಒಪ್ಪಂದದ್ದೊಂದು. ಹಲವರು ಧರ್ಮಕ್ಕೊಂದೇ ಗುರುತು ಹಾಕಿ ಬಿಡುತ್ತಾರೆ. ಅನ್ವಯವಾಗುವ ಎಲ್ಲಕ್ಕೂ ಹಾಕಬೇಕು. ಸಾಮಾಜಿಕ ಗುಂಪು ಎಂದು ಗುರುತು ಹಾಕಿದರೆ ಗುಂಪನ್ನು ಬಿಗಿಯಾಗಿ ವಿವರಿಸಬೇಕು. 'ಮನೆಯಲ್ಲಿ ಓದಿಸುವವರು' ಎಂದಷ್ಟೇ ಬರೆದರೆ ಗಡಿ ಗೊತ್ತಾಗದ ಗುಂಪು ಎಂಬ ಆಕ್ಷೇಪ ಬರುತ್ತದೆ. ಬದಲಿಸಲಾಗದ ಗುಣ, ಸ್ಪಷ್ಟ ಗಡಿ, ಸಮಾಜದ ಕಣ್ಣಿಗೆ ಬೇರೆಯಾಗಿ ಕಾಣುವುದು, ಮೂರೂ ಇರಬೇಕು. ಜರ್ಮನ್ ಭಾಷೆಯ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದವೂ ಅನುವಾದಕರ ಸಹಿ ಇರುವ ದೃಢೀಕರಣವೂ ಬೇಕು.

ವೀಸಾ ವಿನಾಯಿತಿಯಲ್ಲಿ ಬಂದವರಿಗೆ ಒಂದು ಎಚ್ಚರಿಕೆ. ಆ 90 ದಿನಗಳ ಸೌಲಭ್ಯ ಪಡೆಯುವಾಗಲೇ, ಗಡೀಪಾರನ್ನು ಪ್ರಶ್ನಿಸುವ ಹಕ್ಕನ್ನು ನೀವು ಬಿಟ್ಟುಕೊಟ್ಟಿರುತ್ತೀರಿ. ಆಶ್ರಯ ಮತ್ತು ಅದಕ್ಕೆ ಹೊಂದಿದ ರಕ್ಷಣೆಗಳಷ್ಟೇ ಉಳಿಯುತ್ತವೆ. ಪ್ರಕರಣ ವಲಸೆ ನ್ಯಾಯಾಧೀಶರ ಮುಂದೆ ಹೋದರೂ ಅವರು ನೋಡುವುದು ಅಷ್ಟನ್ನೇ. ಅರ್ಜಿ ಬಿದ್ದರೆ ಬೇರೆ ವಲಸಿಗರಿಗಿರುವ ಪರ್ಯಾಯಗಳು ನಿಮಗಿಲ್ಲ. ಇನ್ನೊಂದು: ಪುರಾವೆಯೆಲ್ಲ ಮೊದಲ ವಿಚಾರಣೆಯಲ್ಲೇ ಬರಬೇಕು. ಸರ್ಕಿಟ್ ನ್ಯಾಯಾಲಯ ಹೊಸ ಕಾಗದ ನೋಡುವುದಿಲ್ಲ, ಇರುವ ಕಾಗದದಿಂದ ಬೇರೆ ತೀರ್ಮಾನ ಸಾಧ್ಯವೇ ಇಲ್ಲ ಎಂಬಂತಿದ್ದರೆ ಮಾತ್ರ ಸಂಗತಿಗಳ ಬಗ್ಗೆ ಮಂಡಳಿಯ ನಿರ್ಣಯವನ್ನು ಬದಲಿಸುತ್ತದೆ. ಆ ನ್ಯಾಯಾಲಯಕ್ಕೆ ಹೋಗಲು ಗಡುವು 30 ದಿನ, ಒಂದು ದಿನವೂ ಜಾಸ್ತಿ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನಾನು ಒತ್ತಿ ಹೇಳುವುದು ಇದನ್ನೇ: ಯುರೋಪಿಯನ್ ಒಕ್ಕೂಟದ ಪೌರರಾಗಿದ್ದರೆ ಆಶ್ರಯದ ಯೋಚನೆಗೆ ಮುನ್ನ ನಕಾಶೆ ನೋಡಿ. ಒಕ್ಕೂಟದೊಳಗೆ ಆಶ್ರಯ ಕೇಳುವುದು ಹೆಚ್ಚುಕಡಿಮೆ ವ್ಯರ್ಥ, ಸದಸ್ಯ ರಾಷ್ಟ್ರಗಳು ಪರಸ್ಪರ ಸುರಕ್ಷಿತ ದೇಶಗಳೆಂದು ಒಪ್ಪಂದದಲ್ಲೇ ಬರೆದಿದೆ. ಆದರೆ ಅಲ್ಲಿ ಆಶ್ರಯ ಬೇಕಾಗಿಯೂ ಇಲ್ಲ, ಓಡಾಡುವ ನೆಲೆಸುವ ಹಕ್ಕೇ ಇದೆ. ಆಸ್ಟ್ರಿಯಾದಲ್ಲಿ ಶಾಲಾ ವರ್ಷ ಶುರುವಾಗುವ ಮೊದಲು ಅಧಿಕಾರಿಗಳಿಗೆ ತಿಳಿಸಿ ಮನೆಯಲ್ಲಿ ಓದಿಸಬಹುದು. ವರ್ಷದ ಕೊನೆಗೆ ಪರೀಕ್ಷೆ, ಪಾಸಾಗದಿದ್ದರೆ ಶಾಲೆ. ಡೆನ್ಮಾರ್ಕ್‌ನ ಸಂವಿಧಾನದ 76ನೇ ಸೆಕ್ಷನ್, ಶಾಲೆಗೆ ಸರಿಸಮನಾದ ಶಿಕ್ಷಣ ಕೊಡುವ ಪೋಷಕರನ್ನು ಶಾಲೆಗೆ ಕಳಿಸುವ ಬಾಧ್ಯತೆಯಿಂದ ಬಿಡುತ್ತದೆ. ಐರ್ಲೆಂಡ್ ಸಂವಿಧಾನದ 42ನೇ ವಿಧಿಯೂ ಮನೆಯ ಶಿಕ್ಷಣವನ್ನು ಒಪ್ಪುತ್ತದೆ. ಫಿನ್ಲೆಂಡಿನಲ್ಲಿ ಕಡ್ಡಾಯವಾಗಿರುವುದು ಕಲಿಕೆ, ಶಾಲೆಯಲ್ಲ. ಸ್ವೀಡನ್ 2011ರಿಂದ ಅಸಾಧಾರಣ ಕಾರಣ ಕೇಳುತ್ತದೆ, ಧರ್ಮ ಅದರಲ್ಲಿ ಬರುವುದಿಲ್ಲ. ಫ್ರಾನ್ಸ್ 2021ರ ಕಾಯ್ದೆಯಿಂದ ತಿಳಿಸಿದರೆ ಸಾಕೆಂಬ ಪದ್ಧತಿ ಬಿಟ್ಟು ಅನುಮತಿಯ ಪದ್ಧತಿ ಹಿಡಿದಿದೆ. ಹಳೆಯ ಬರಹ ಓದಿ ಫ್ರಾನ್ಸಿಗೆ ಹೊರಡಬೇಡಿ.

ಒಕ್ಕೂಟದ ಬೇರೆ ದೇಶದಲ್ಲಿ ಮೂರು ತಿಂಗಳಿಗಿಂತ ಹೆಚ್ಚು ನೆಲೆಸಲು ಕೆಲಸ, ಸ್ವಂತ ಉದ್ಯೋಗ, ಇಲ್ಲವೇ ಸಾಕಷ್ಟು ಹಣ ಮತ್ತು ಆರೋಗ್ಯ ವಿಮೆ ತೋರಿಸಬೇಕು. ಎಡವುವುದು ಹೆಚ್ಚಾಗಿ ಜರ್ಮನಿಯ ತುದಿಯಲ್ಲಿ. ಶಾಲಾ ಕಡ್ಡಾಯ ವಾಸಸ್ಥಳಕ್ಕೆ ಅಂಟಿಕೊಂಡಿದೆ. ಮನೆ ಬಿಟ್ಟ ಎರಡು ವಾರದೊಳಗೆ ನೋಂದಣಿ ರದ್ದು ಮಾಡಿಸಿ, ಅದರ ದೃಢೀಕರಣ ಪತ್ರ ಇಟ್ಟುಕೊಂಡು, ಶಾಲೆಗೂ ಒಂದು ಪ್ರತಿ ಕೊಡಬೇಕು. ಫ್ಲಾಟ್ ಹಾಗೇ ಇಟ್ಟುಕೊಂಡು, ತಂದೆ ಅಲ್ಲೇ ಕೆಲಸ ಮಾಡುತ್ತಾ, ಮಕ್ಕಳು ತಿಂಗಳಲ್ಲಿ ಹದಿನೈದು ದಿನ ಅಲ್ಲೇ ಇದ್ದರೆ ಅದು ಕಾಗದದ ಮೇಲಿನ ವಲಸೆ. ಶಿಕ್ಷಣ ಕಚೇರಿ ಅದನ್ನು ಸುಲಭವಾಗಿ ಹಿಡಿಯುತ್ತದೆ, ದಂಡವೂ ಹಳೆಯ ದಿನಾಂಕದಿಂದಲೇ ಲೆಕ್ಕಕ್ಕೆ ಬರಬಹುದು.

ರೋಮೈಕೆ ಕುಟುಂಬಕ್ಕೆ ಕೊನೆಗೆ ಏನಾಯಿತು ಎಂದು ಹಲವರು ಕೇಳುತ್ತಾರೆ. 2014ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ಅವರ ಅರ್ಜಿ ಕೈಗೆತ್ತಿಕೊಳ್ಳಲು ನಿರಾಕರಿಸಿತು. ಮರುದಿನವೇ ಗೃಹಭದ್ರತಾ ಇಲಾಖೆ ಗಡೀಪಾರನ್ನು ಅನಿರ್ದಿಷ್ಟವಾಗಿ ಮುಂದೂಡಿತು. ಗೆದ್ದರೆಂದು ಬಹಳ ಮಂದಿ ಸಂಭ್ರಮಿಸಿದರು. ಆದರೆ ಆಶ್ರಯ ಸಿಕ್ಕವರು ಒಂದು ವರ್ಷದ ನಂತರ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬಹುದು, ಗಡೀಪಾರು ಮುಂದೂಡಿಸಿಕೊಂಡವರಿಗೆ ಆ ದಾರಿ ಇಲ್ಲ. ಅಲ್ಲೇ ಹುಟ್ಟಿದ ಮಕ್ಕಳು ಅಮೆರಿಕದ ಪೌರರಾದರೂ, 21 ತುಂಬುವವರೆಗೆ ತಂದೆತಾಯಿಗಾಗಿ ಅರ್ಜಿ ಹಾಕಲಾರರು. 2023ರ ಸೆಪ್ಟೆಂಬರ್‌ನಲ್ಲಿ, ಹದಿನೈದು ವರ್ಷ ಟೆನೆಸ್ಸಿಯಲ್ಲಿ ಬದುಕಿದ ಮೇಲೆ, ಜರ್ಮನ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೊರಡಲು ಸಿದ್ಧರಾಗಿ ಎಂದು ಅವರಿಗೆ ನಾಲ್ಕು ವಾರದ ಗಡುವು ಕೊಟ್ಟರು. ಮುಂದಿನ ತಿಂಗಳು ಅದು ಒಂದು ವರ್ಷ ಮುಂದಕ್ಕೆ ಹೋಯಿತು.